ಉಬ್ಬಿದ ಹೊಟ್ಟೆಯ ಕೊಳವೆ

ಹಿಮದ ಮೇಲೆ ಓಡುವ ಟೂ-ಸ್ಟ್ರೋಕ್ ಸ್ನೋಮೊಬೈಲಿನ ಮುಂಭಾಗದ ಮುಚ್ಚಳ ತೆಗೆದವರ ಕಣ್ಣಿಗೆ ಎಂಜಿನ್ನಿಗಿಂತ ಮೊದಲು ಬೀಳುವುದು ಅದರ ಸೈಲೆನ್ಸರ್ ಕೊಳವೆ. ಎಂಜಿನ್ನಿನ ಮುಂದಿನಿಂದ ಹೊರಟು, ಸುತ್ತಿ ಬಳಸಿ, ನಡುವೆ ಸೋರೆಬುರುಡೆಯ ಹಾಗೆ ಉಬ್ಬಿ, ಮತ್ತೆ ಸಪೂರವಾಗಿ, ಪಕ್ಕದ ಸದ್ದಡಗಿಸುವ ಡಬ್ಬಿಯೊಳಗೆ ಹೊಕ್ಕು, ಕೊನೆಗೆ ಅಡಿತಟ್ಟೆಯ ತೂತಿನಿಂದ ಹಿಮದ ಮೇಲೆ ಹೊಗೆ ಬಿಡುವ ಈ ಕರಿ ತಗಡಿನ ಕೊಳವೆಗೆ ಅಷ್ಟು ಜಾಗ ಏಕೆ ಬೇಕು ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಹೊಗೆ ಆಚೆ ಹೋಗುವುದಕ್ಕೊಂದು ದಾರಿ, ಅಷ್ಟೇ ಎಂದುಕೊಳ್ಳುತ್ತಾರೆ. ಅದು ಸೀಳಿದಾಗಲೂ, ಸದ್ದು ತುಸು ಜಾಸ್ತಿಯಾಯಿತು ತಾನೆ ಎಂದು ಗಾಡಿ ಓಡಿಸುತ್ತಲೇ ಇರುತ್ತಾರೆ.

ಮಿನೆಸೋಟದ ಉತ್ತರದ ಊರುಗಳಲ್ಲಿ, ಕ್ವಿಬೆಕ್‌ನಲ್ಲಿ, ಅಲಾಸ್ಕದಲ್ಲಿ ಚಳಿಗಾಲವಿಡೀ ಈ ಯಂತ್ರಗಳ ನಡುವೆಯೇ ಬದುಕುವ ಮೆಕಾನಿಕ್‌ಗಳು ಇದನ್ನು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ಕೊಳವೆ ಎಂಜಿನ್ನಿನ ಒಂದು ಅಂಗ. ಪಿಸ್ಟನ್ ಎಷ್ಟು ಮುಖ್ಯವೋ ಅದೂ ಅಷ್ಟೇ ಮುಖ್ಯ. ಅದು ಕೆಟ್ಟರೆ ಎಂಜಿನ್ ಕೆಟ್ಟ ಹಾಗೆಯೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದ ಕನ್ನಡಿಗರಿಗೆ ಈ ಮಾತಿನ ಅರ್ಧ ಗೊತ್ತು. ಅದೂ ಪೆಟ್ರೋಲಿನ ಜೊತೆ ಎಣ್ಣೆ ಕುಡಿಯುವ ಟೂ-ಸ್ಟ್ರೋಕ್ ಗಾಡಿ. ಸುಡದೆ ಉಳಿದ ಎಣ್ಣೆ ಸೈಲೆನ್ಸರಿನೊಳಗೆ ಕಾರ್ಬನ್ ಆಗಿ ಕಟ್ಟಿಕೊಂಡರೆ ಗಾಡಿ ಏರಿನಲ್ಲಿ ಸೊರಗುತ್ತಿತ್ತು. ಸೈಲೆನ್ಸರ್ ಬಿಚ್ಚಿ, ಒಳಗಿನದನ್ನೆಲ್ಲ ಸುಟ್ಟು, ತಟ್ಟಿ, ಮತ್ತೆ ಕೂರಿಸಿದ ಮೇಲೆ ಅದೇ ಎಂಜಿನ್ನಿಗೆ ಹೊಸ ಉಸಿರು ಬರುತ್ತಿತ್ತು. ಸ್ನೋಮೊಬೈಲಿನಲ್ಲಿ ಈ ನಂಟು ಇನ್ನೂ ಬಿಗಿ.

ಅದಕ್ಕೆ ಕಾರಣವಿದೆ. ಇಂಥ ಟೂ-ಸ್ಟ್ರೋಕ್ ಎಂಜಿನ್ನಿನ ತಲೆಯಲ್ಲಿ ತೆರೆದು ಮುಚ್ಚುವ ವಾಲ್ವ್‌ಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತ ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯೂ ಹೊಸ ಪೆಟ್ರೋಲ್-ಗಾಳಿ ಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಬಂದ ಹೊಸ ಮಿಶ್ರಣದ ಒಂದು ಪಾಲು ಹೊಗೆಯ ಬೆನ್ನಿಗೆ ಬಿದ್ದು ಕೊಳವೆಗೆ ಹೊರಟುಬಿಡುತ್ತದೆ. ಅದನ್ನು ಹಿಂದಕ್ಕೆ ತರುವ ಕೆಲಸ ಕೊಳವೆಯದು. ಕಿಂಡಿ ತೆರೆದ ಕ್ಷಣ ನುಗ್ಗುವ ಒತ್ತಡದ ಅಲೆ ಅಗಲವಾಗುತ್ತ ಹೋಗುವ ಶಂಕುವಿನಲ್ಲಿ ಹರಡಿಕೊಂಡಾಗ ಎಳೆತದ ಅಲೆಯೊಂದು ಹಿಂದಕ್ಕೆ ಹೋಗಿ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರುತ್ತದೆ. ಮುಂದೆ ಕೊಳವೆ ಕಿರಿದಾಗುವಲ್ಲಿ ಅಲೆಗೆ ಗೋಡೆ ಎದುರಾಗುತ್ತದೆ. ಅಲ್ಲಿಂದ ತಿರುಗಿ ಬರುವ ಒತ್ತಡ, ಆಚೆಗೆ ಹೋಗಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವುದರೊಳಗೆ ಸಿಲಿಂಡರಿಗೆ ತಳ್ಳುತ್ತದೆ.

ಕಾಲದ ಲೆಕ್ಕ ನೋಡಿದರೆ ಇದು ಎಷ್ಟು ನಯವಾದ ಕೆಲಸ ಎಂದು ತಿಳಿಯುತ್ತದೆ. ನಿಮಿಷಕ್ಕೆ 8,000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿಗೆ ಸಿಗುವುದು 7.5 ಮಿಲಿಸೆಕೆಂಡ್. ಹೊಗೆಕಿಂಡಿ ತೆರೆದಿರುವುದು ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 4 ಮಿಲಿಸೆಕೆಂಡ್. ಕೊಳವೆಯೊಳಗಿನ ಬಿಸಿ ಅನಿಲದಲ್ಲಿ ಶಬ್ದದ ಅಲೆ ಸೆಕೆಂಡಿಗೆ 500 ಮೀಟರ್ ಆಸುಪಾಸಿನಲ್ಲಿ ಓಡುತ್ತದೆ. ಹಾಗಾದರೆ 4 ಮಿಲಿಸೆಕೆಂಡಿಗೆ 2 ಮೀಟರ್, ಅಂದರೆ ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಈ ಕೊಳವೆಗಳು ಹೆಚ್ಚುಕಡಿಮೆ ಒಂದು ಮೀಟರ್ ಉದ್ದ ಇರುವುದು ಹೀಗೆ. ಅದರ ಪ್ರತಿ ಉಬ್ಬಿಗೂ ಪ್ರತಿ ಇಳಿಜಾರಿಗೂ ಹೀಗೆ ಒಂದೊಂದು ಲೆಕ್ಕವಿದೆ. ಗೋಡೆಯಲ್ಲಿ ಬೆರಳಗಲದ ಸೀಳು ಬಿಟ್ಟರೆ ಅಲೆ ಅಲ್ಲೇ ಸೋರಿಹೋಗುತ್ತದೆ, ಹಿಂದೆ ಬರಬೇಕಾದ ಬಲ ಬರುವುದಿಲ್ಲ.

ಈ ವಿದ್ಯೆಯನ್ನು ಪಳಗಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ರಾಕೆಟ್ ಕೇಂದ್ರವಾಗಿದ್ದ ಪೀನೆಮುಂಡೆಯಲ್ಲಿ ಕೆಲಸ ಮಾಡಿದ್ದ ಈ ಎಂಜಿನಿಯರ್, 1950ರ ದಶಕದಲ್ಲಿ ಎಂಜೆಡ್ ಕಂಪನಿಯ ರೇಸ್ ಬೈಕುಗಳ ಹೊಣೆ ಹೊತ್ತ. ಡಿಕೆಡಬ್ಲ್ಯು ಕಂಪನಿಯ ಎರಿಕ್ ವೂಲ್ಫ್ ಮೊದಲೇ ಹಿಡಿದಿದ್ದ ಎಳೆಯೊಂದನ್ನು ಕಾಡೆನ್ ಬಹುದೂರ ಎಳೆದ. ಹಣ ಕಡಿಮೆ, ಸಾಮಗ್ರಿ ಕಡಿಮೆ. ಆದರೂ 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅಂದರೆ ಲೀಟರಿಗೆ 200. ಅದೇ ವರ್ಷ ಸ್ವೀಡನ್ನಿನ ರೇಸಿಗೆ ಹೋದ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಹಿಂತಿರುಗಲಿಲ್ಲ. ಪಶ್ಚಿಮಕ್ಕೆ ತಪ್ಪಿಸಿಕೊಂಡು ಜಪಾನಿನ ಸುಜುಕಿ ಸೇರಿದ, ಕಾಡೆನ್ ಕಂಡುಕೊಂಡದ್ದೂ ಅವನ ಜೊತೆ ಹೋಯಿತು. 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಸುಜುಕಿಯ ಮೇಲೆ ಕೂತ ಡೆಗ್ನರನ ಪಾಲಾಯಿತು. ಇವತ್ತು ಹಿಮದ ಮೇಲೆ ಕಿರುಚುತ್ತ ಓಡುವ ಪ್ರತಿ ಟೂ-ಸ್ಟ್ರೋಕ್ ಯಂತ್ರದ ಹೊಟ್ಟೆಯಲ್ಲಿರುವುದು ಕಾಡೆನ್ ತೀಡಿದ ಆ ಆಕಾರವೇ.

ಸ್ನೋಮೊಬೈಲ್ ಹುಟ್ಟಿದ್ದು ಮಾತ್ರ ರೇಸಿಗಾಗಿ ಅಲ್ಲ. ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್ ಊರಿನ ಮೆಕಾನಿಕ್ ಜೋಸೆಫ್-ಅರ್ಮಾನ್ ಬೊಂಬಾರ್ಡಿಯೇ, 1934ರ ಚಳಿಗಾಲದಲ್ಲಿ ಎರಡು ವರ್ಷದ ಮಗನನ್ನು ಕಳೆದುಕೊಂಡ. ರಸ್ತೆಗಳೆಲ್ಲ ಹಿಮದಡಿ ಹೂತಿದ್ದವು, ಮಗುವನ್ನು ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಹಿಮದ ಮೇಲೆ ಓಡುವ ಗಾಡಿಯ ಪ್ರಯೋಗ ಅವನು ಮೊದಲೇ ನಡೆಸಿದ್ದ, ಆಮೇಲೂ ಬಿಡಲಿಲ್ಲ. 1937ರಲ್ಲಿ ಅವನ ಪಟ್ಟಿಚಕ್ರದ ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತು, 1959ರಲ್ಲಿ ಒಬ್ಬಿಬ್ಬರು ಕೂರುವ ಪುಟ್ಟ ಸ್ಕೀ-ಡೂ ಬಂತು. ಆ ಹೊತ್ತಿಗೆ ಮಿನೆಸೋಟದ ರೋಸೋ ಊರಿನಲ್ಲಿ ಹೆಟೀನ್ ಸೋದರರೂ ಡೇವಿಡ್ ಜಾನ್ಸನ್ನೂ ಕಟ್ಟಿದ ಪೋಲಾರಿಸ್ ಯಂತ್ರಗಳೂ ಓಡಾಡುತ್ತಿದ್ದವು. 1960ರಲ್ಲಿ ಎಡ್ಗರ್ ಹೆಟೀನ್ ಜೊತೆಗಾರರೊಂದಿಗೆ ಅಲಾಸ್ಕದ ಬೆತೆಲ್‌ನಿಂದ ಫೇರ್‌ಬ್ಯಾಂಕ್ಸ್‌ವರೆಗೆ ಸುಮಾರು 1,200 ಮೈಲಿ ಓಡಿಸಿ ತೋರಿಸಿದ. ಆ ಕಾಲದ ಗಾಡಿಗಳಲ್ಲಿದ್ದದ್ದು ಸಾದಾ ಸೈಲೆನ್ಸರ್. ರೇಸುಗಳು ಬೆಳೆದ ಹಾಗೆ ಉಬ್ಬುಕೊಳವೆ ಬಂತು. ಕೊಳವೆ ಒಡೆಯುವ ತೊಂದರೆಯೂ ಜೊತೆಗೇ ಬಂತು.

ಏಕೆ ಒಡೆಯುತ್ತದೆ? ತಗಡು ತೆಳು, ಸುಮಾರು ಒಂದು ಮಿಲಿಮೀಟರ್ ದಪ್ಪದ ಸಾದಾ ಉಕ್ಕು. ಅಚ್ಚಿನಲ್ಲಿ ಒತ್ತಿ ತೆಗೆದ ಎರಡು ಹೋಳುಗಳನ್ನು ಅಂಚಿಗೆ ಅಂಚು ಸೇರಿಸಿ ಬೆಸೆದದ್ದು. ದಪ್ಪ ತಗಡು ಹಾಕಿದರೆ ಗಾಡಿ ಭಾರವಾಗುತ್ತದೆ. ಒಳಗೆ ಕಿಂಡಿಯ ಬಳಿ ಅನಿಲದ ಶಾಖ 600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಹೊರಗಿನ ಗಾಳಿ ಸೊನ್ನೆಗಿಂತ 30 ಡಿಗ್ರಿ ಕೆಳಗಿರಬಹುದು. ಅಡಿಯಿಂದ ಎದ್ದ ಹಿಮದ ಪುಡಿ ಕಾದ ಲೋಹಕ್ಕೆ ಬಡಿದು ಚುರ್ರೆಂದು ಆವಿಯಾಗುತ್ತದೆ. ಒಂದೆಡೆ ಹಿಗ್ಗು, ಪಕ್ಕದಲ್ಲೇ ಕುಗ್ಗು. ಇದರ ಮೇಲೆ ಎಂಜಿನ್ನಿನ ಅದುರು ಬೇರೆ. ಎಂಜಿನ್ ರಬ್ಬರಿನ ಬುಷ್‌ಗಳ ಮೇಲೆ ಕೂತಿರುವುದರಿಂದ ಅದು ಒಂದು ಲಯದಲ್ಲಿ ಕುಣಿಯುತ್ತದೆ, ಚಾಸಿಗೆ ಕಟ್ಟಿದ ಡಬ್ಬಿ ಇನ್ನೊಂದು ಲಯದಲ್ಲಿ. ಎರಡರ ಜಗ್ಗಾಟ ಕೊಳವೆಯ ಮೈಗೆ ಬೀಳುತ್ತದೆ.

ಆ ಜಗ್ಗಾಟ ತಡೆಯಲೆಂದೇ ಕೀಲುಗಳನ್ನು ಬೋಲ್ಟಿನಿಂದ ಬಿಗಿಯದೆ ಸ್ಪ್ರಿಂಗಿನಿಂದ ಎಳೆದು ಹಿಡಿದಿರುತ್ತಾರೆ. ಗುಂಡನೆಯ ತುದಿ ಗುಂಡನೆಯ ಬಟ್ಟಲಿನಲ್ಲಿ ಕೂತು ಅತ್ತಿತ್ತ ತುಸು ಹೊರಳುತ್ತದೆ. ಬಹಳಷ್ಟು ಯಂತ್ರಗಳಲ್ಲಿ ನಡುವೆ ಉದ್ದಿನವಡೆಯಾಕಾರದ ಒಂದು ಗ್ಯಾಸ್ಕೆಟ್. ವರ್ಷ ಕಳೆದ ಹಾಗೆ ಸ್ಪ್ರಿಂಗ್ ಸಡಿಲವಾಗುತ್ತದೆ, ಗ್ಯಾಸ್ಕೆಟ್ ಸವೆಯುತ್ತದೆ, ಕೊಳವೆ ಗಡಗಡಿಸಲು ಶುರುಮಾಡುತ್ತದೆ. ಸ್ಪ್ರಿಂಗ್ ಸಿಕ್ಕಿಸುವ ಪುಟ್ಟ ಕೊಕ್ಕೆಯ ಬುಡದಲ್ಲೇ ಮೊದಲ ಬಿರುಕು ಕಾಣಿಸುವುದು ಮಾಮೂಲು. ಇನ್ನೊಂದು ದುರ್ಬಲ ಜಾಗ ಬೆಸುಗೆಯ ಗೆರೆ, ಮತ್ತೊಂದು ಉಬ್ಬಿನ ಹೊಟ್ಟೆಯನ್ನು ಚಾಸಿಗೆ ಹಿಡಿದಿಡುವ ಪಟ್ಟಿಯ ಅಂಚು. ಕೊಳವೆ ಸೀಳಿದವರು ಸೀಳನ್ನಷ್ಟೇ ನೋಡಿ ಬೆಸುಗೆ ಹಾಕಿಸಿದರೆ ಮುಂದಿನ ತಿಂಗಳು ಅದೇ ಜಾಗ ಮತ್ತೆ ಬಾಯಿಬಿಡುತ್ತದೆ, ಏಕೆಂದರೆ ಸೋತ ಸ್ಪ್ರಿಂಗೂ ಹರಿದ ಎಂಜಿನ್ ಬುಷ್ಷೂ ಹಾಗೆಯೇ ಉಳಿದಿರುತ್ತವೆ. ಅನುಭವಸ್ಥರು ಕೊಳವೆಗಿಂತ ಮೊದಲು ಕೈಯಿಂದ ಎಂಜಿನ್ನನ್ನು ಅಲ್ಲಾಡಿಸಿ ನೋಡುವುದು ಅದಕ್ಕೇ.

ತುಕ್ಕಿನ ಕತೆ ಬೇರೆ. ಅದು ಓಟದ ದಿನಗಳಿಗಿಂತ ನಿಂತ ದಿನಗಳಲ್ಲಿ ಹೆಚ್ಚು. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಗಾಡಿಯನ್ನು ಐದು ನಿಮಿಷ ಮಾತ್ರ ಓಡಿಸಿ ನಿಲ್ಲಿಸಿದರೆ ಅದು ಡಬ್ಬಿಯ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಉತ್ತರ ಅಮೆರಿಕದ ರಸ್ತೆಗಳಿಗೆ ಹಿಮ ಕರಗಲೆಂದು ಉಪ್ಪು ಸುರಿಯುತ್ತಾರೆ. ಮುಚ್ಚಿರದ ಟ್ರೇಲರಿನ ಮೇಲೆ ಸಾಗಿಸಿದ ಗಾಡಿಯ ಅಡಿಗೆಲ್ಲ ಆ ಉಪ್ಪುನೀರು ಸಿಡಿಯುತ್ತದೆ. ಶಾಖ ತಡೆಯಲು ಕೊಳವೆಗೆ ಬಟ್ಟೆಯ ಪಟ್ಟಿ ಸುತ್ತುವವರಿದ್ದಾರೆ. ಅದು ತೇವವನ್ನು ಹಿಡಿದಿಟ್ಟುಕೊಂಡು ಒಳಗಿಂದೊಳಗೇ ತಗಡನ್ನು ತುಕ್ಕಿಗೆ ತಿನ್ನಿಸುತ್ತದೆ. ಇಂಥ ಗಾಡಿಗೆ ಪಟ್ಟಿ ಬೇಡವೆನ್ನುವವರ ಮಾತೇ ಸರಿ.

ಕೆಟ್ಟದ್ದನ್ನು ಕಂಡುಹಿಡಿಯುವುದು ಕಿವಿ, ಮೂಗು, ಕಣ್ಣು ಮೂರರ ಕೆಲಸ. ಸದ್ದಿನಲ್ಲಿ ಟಕಟಕ ಸೇರುತ್ತದೆ, ಕಾಲ ಬಳಿ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ. ಮುಚ್ಚಳ ತೆಗೆದರೆ ಕೀಲಿನ ಸುತ್ತ ಎಣ್ಣೆ ಬೆರೆತ ಕರಿ ಮಸಿ ಚೆಲ್ಲಿರುತ್ತದೆ. ಮಸಿ ಎಲ್ಲಿ ಗಾಢವೋ ಸೋರಿಕೆ ಅಲ್ಲೇ. ಅಷ್ಟರಲ್ಲೂ ತಿಳಿಯದಿದ್ದರೆ ಎಂಜಿನ್ ತಣ್ಣಗಾದ ಮೇಲೆ ಹೊಗೆಯ ತುದಿಯಿಂದ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದಿಸಿ, ಕೊಳವೆಯ ಮೈಗೆಲ್ಲ ಸೋಪಿನ ನೀರು ಚಿಮುಕಿಸುತ್ತಾರೆ. ಕೂದಲೆಳೆಯ ಸೀಳಿನಿಂದಲೂ ಗುಳ್ಳೆ ಏಳುತ್ತದೆ.

ಈ ಸೋರಿಕೆಯನ್ನು ಸಣ್ಣದೆಂದು ಬಿಡಲಾಗದು. ಮುಚ್ಚಳದೊಳಗೆ ಬಿಸಿ ಹೊಗೆ ತುಂಬಿದರೆ ಎಂಜಿನ್ ಉಸಿರಾಡುವುದೂ ಅದನ್ನೇ. ಆಮ್ಲಜನಕ ಸಾಲದೆ ಅದು ಮುಗ್ಗರಿಸುತ್ತದೆ. ಪಕ್ಕದಲ್ಲೇ ತಿರುಗುವ ಡ್ರೈವ್ ಬೆಲ್ಟ್ ಕಾಯುತ್ತದೆ, ಪ್ಲಾಸ್ಟಿಕ್ ಮುಚ್ಚಳ ಕರಗುತ್ತದೆ. ಹೊಸ ಯಂತ್ರಗಳಲ್ಲಿ ಕೊಳವೆಯ ಶಾಖ ಅಳೆಯುವ ಸೆನ್ಸರ್ ಇರುತ್ತದೆ. ಅದು ಕೊಟ್ಟ ಅಂಕೆ ನೋಡಿ ಕಂಪ್ಯೂಟರ್ ಕಿಡಿಯ ಸಮಯವನ್ನು ತಿದ್ದುತ್ತದೆ. ಸೀಳಿನಿಂದ ಶಾಖ ಏರುಪೇರಾದರೆ ಆ ತಿದ್ದುಪಡಿಯೂ ತಪ್ಪುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಸೋರಿಕೆ ಹುಡುಕುವುದು ಪ್ರಾಣಕ್ಕೆ ಎರವು.

ಇನ್ನು ರಿಪೇರಿ. ತಣ್ಣಗಾದ ಕೊಳವೆಯಿಂದ ಸ್ಪ್ರಿಂಗ್ ಬಿಚ್ಚಲು ಹಿಡಿಯುಳ್ಳ ಕೊಕ್ಕೆಯೊಂದು ಸಿಗುತ್ತದೆ. ಇಕ್ಕಳದಲ್ಲಿ ಎಳೆದರೆ ಜಾರಿ ಕಣ್ಣಿಗೆ ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳದೆ ಕೈಹಾಕಬಾರದು. ಬಿಚ್ಚಿದ ಕೊಳವೆಯನ್ನು ಹೊರಗೆ ಬಯಲಿಗೆ ಒಯ್ದು ಒಳಗಿನ ಎಣ್ಣೆಯನ್ನೂ ಕಾರ್ಬನ್ನನ್ನೂ ತೊಳೆದು ಸುಟ್ಟು ತೆಗೆಯಬೇಕು. ಎರಡು ತುದಿಯೂ ತೆರೆದಿರಲೇಬೇಕು. ಎಣ್ಣೆ ಉಳಿದ ತಗಡಿನ ಮೇಲೆ ಹಾಕಿದ ಬೆಸುಗೆ ನೊರೆ ನೊರೆಯಾಗಿ ತೂತು ಬೀಳುತ್ತದೆ. ಬಣ್ಣ, ತುಕ್ಕು, ಮೇಲಿನ ಲೇಪ ಎಲ್ಲವನ್ನೂ ಹೊಳೆಯುವ ಉಕ್ಕು ಕಾಣುವವರೆಗೆ ಉಜ್ಜಿ, ಬಿರುಕಿನ ಎರಡು ತುದಿಗಳಲ್ಲಿ ಸಣ್ಣ ರಂಧ್ರ ಕೊರೆಯುತ್ತಾರೆ. ಚೂಪಾದ ತುದಿಯಲ್ಲಿ ಒಟ್ಟಾಗುವ ಒತ್ತಡ ದುಂಡನೆಯ ಅಂಚಿನಲ್ಲಿ ಹಂಚಿಹೋಗುತ್ತದೆ, ಬಿರುಕು ಅಲ್ಲಿಗೇ ನಿಲ್ಲುತ್ತದೆ.

ಬೆಸುಗೆಯಲ್ಲಿ ಕೈಯ ಹದ ಗೊತ್ತಾಗುವುದು ಇಲ್ಲಿ. ಒಂದು ಮಿಲಿಮೀಟರ್ ತಗಡಿನ ಮೇಲೆ ಕರೆಂಟ್ ತುಸು ಹೆಚ್ಚಾದರೂ ಬೆರಳು ತೂರುವ ತೂತಾಗುತ್ತದೆ. ಟಿಗ್ ವೆಲ್ಡಿಂಗ್ ಗೊತ್ತಿದ್ದವರಿಗೆ ಅದೇ ಒಳ್ಳೆಯದು. ಮಿಗ್ ಇದ್ದರೆ ತೆಳು ತಂತಿ, ಕಡಿಮೆ ಕರೆಂಟ್, ಒಂದೊಂದೇ ಚುಕ್ಕಿ. ಒಂದು ಚುಕ್ಕಿ ಹಾಕಿ, ದೂರದಲ್ಲಿ ಇನ್ನೊಂದು ಹಾಕಿ, ಆರಲು ಬಿಟ್ಟು, ನಡುವೆ ತುಂಬುತ್ತ ಬರಬೇಕು. ಅವಸರಿಸಿದರೆ ಕೊಳವೆ ಸೊಟ್ಟಗಾಗಿ ಕೀಲಿಗೆ ಕೂರುವುದಿಲ್ಲ. ಬಲವಂತವಾಗಿ ಕೂರಿಸಿದ ಕೊಳವೆ ಹುಟ್ಟಿನಿಂದಲೇ ಎಳೆತದಲ್ಲಿರುತ್ತದೆ, ಬೇಗ ಒಡೆಯುತ್ತದೆ. ತೇಪೆ ಹಾಕುವುದಾದರೆ ಜಿಂಕ್ ಬಳಿದ ತಗಡು ಬೇಡ, ಕಾದಾಗ ಅದರ ಹೊಗೆ ಜ್ವರ ತರಿಸುತ್ತದೆ. ಕಳಚಿದ ಕೊಕ್ಕೆಯನ್ನು ಹಾಗೆಯೇ ಅಂಟಿಸುವ ಬದಲು ಅಡಿಗೆ ಅಗಲವಾದ ಪುಟ್ಟ ತಗಡಿಟ್ಟು ಬೆಸೆದರೆ ಜಗ್ಗುವ ಭಾರ ಹರಡಿಕೊಳ್ಳುತ್ತದೆ. ಇಂಥ ಸಣ್ಣ ಯೋಚನೆಯಲ್ಲೇ ಒಳ್ಳೆಯ ಮೆಕಾನಿಕ್ ಎದ್ದು ಕಾಣುತ್ತಾನೆ.

ತಗ್ಗಿದ ಹೊಟ್ಟೆಯನ್ನು ಉಬ್ಬಿಸುವ ವಿದ್ಯೆ ಇನ್ನೂ ಚಂದ. ಕಲ್ಲಿಗೋ ಮರದ ಬುಡಕ್ಕೋ ಬಡಿದು ಕೊಳವೆ ಗುಳಿಬಿದ್ದರೆ ಅದರ ಲೆಕ್ಕ ಕೆಡುತ್ತದೆ. ಒಳಗೆ ಸುತ್ತಿಗೆ ಹೋಗುವುದಿಲ್ಲ. ಆಗ ಎಣ್ಣೆಯ ಪಸೆಯೂ ಉಳಿಯದಂತೆ ತೊಳೆದು, ಎರಡು ತುದಿಗೂ ತಡೆ ಕಟ್ಟಿ, ಒಳಗೆ ಅಳತೆಯ ಗಾಳಿ ತುಂಬಿ, ಗುಳಿಯ ಅಂಚನ್ನು ಗ್ಯಾಸಿನ ಜ್ವಾಲೆಯಿಂದ ಕೆಂಪಗೆ ಕಾಯಿಸುತ್ತಾರೆ. ಮೆತ್ತಗಾದ ಉಕ್ಕು ಗಾಳಿಯ ಒತ್ತಡಕ್ಕೆ ಮೆಲ್ಲಗೆ ಮೇಲೇಳುತ್ತದೆ. ಅಪಾಯವಿರುವ ಕೆಲಸ, ಪಳಗಿದವರೇ ಮಾಡಬೇಕು. ಹೊಸ ಕೊಳವೆಗಳನ್ನು ಹುಟ್ಟಿಸುವ ಒಂದು ಬಗೆಯೂ ಇದಕ್ಕೆ ಹತ್ತಿರದ್ದು: ಎರಡು ಚಪ್ಪಟೆ ತಗಡುಗಳ ಅಂಚು ಬೆಸೆದು ನಡುವೆ ಒತ್ತಡದ ನೀರು ಬಿಟ್ಟರೆ, ಚಪ್ಪಟೆಯಾಗಿದ್ದದ್ದು ಕಣ್ಣೆದುರೇ ಉಬ್ಬಿಕೊಂಡು ಕೊಳವೆಯಾಗುತ್ತದೆ.

ಮಫ್ಲರ್ ಸಿಮೆಂಟು, ಶಾಖ ತಡೆಯುವ ಬ್ಯಾಂಡೇಜು, ಡಬ್ಬದ ತಗಡು ಸುತ್ತಿ ಕ್ಲಾಂಪ್ ಬಿಗಿಯುವುದು ಇವೆಲ್ಲ ಮನೆ ಸೇರುವವರೆಗಿನ ಉಪಾಯಗಳು. ಅದುರುವ ಮೈಯ ಮೇಲೆ ಸಿಮೆಂಟು ಬಹುಕಾಲ ನಿಲ್ಲುವುದಿಲ್ಲ.

ತಗಡು ಅಲ್ಲಲ್ಲಿ ಕಾಗದದಷ್ಟು ತೆಳುವಾಗಿ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವಂತಿದ್ದರೆ ಬೆಸುಗೆಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಆಗ ಬದಲಾಯಿಸಲೇಬೇಕು. ಕಂಪನಿಯ ಕೊಳವೆ ದುಬಾರಿ, ಸಿಲಿಂಡರಿಗೊಂದರಂತೆ ಮೂರು ಕೊಳವೆಯ ಹಳೆಯ ಗಾಡಿಗಾದರೆ ಮೂರು ಪಟ್ಟು. ಗುಜರಿಯಿಂದ ತಂದದ್ದಾದರೆ ಅದೇ ಮಾದರಿಯ, ಅದೇ ವರ್ಷದ ಭಾಗ ಸಂಖ್ಯೆ ಹೊಂದಬೇಕು. ನೋಡಲು ಒಂದೇ ಥರ ಕಂಡರೂ ಶಂಕುವಿನ ಇಳಿಜಾರು ಬೇರೆಯಿದ್ದರೆ ಎಂಜಿನ್ ಒಗ್ಗುವುದಿಲ್ಲ. ಬೇರೆ ತಯಾರಕರ ಹಗುರ ಕೊಳವೆ ಹಾಕಿದರೆ ಕಾರ್ಬೊರೇಟರಿನ ಜೆಟ್ ಬದಲಿಸಬೇಕಾಗಬಹುದು. ಅದನ್ನು ಮರೆತು ಪೆಟ್ರೋಲ್ ಸಾಲದೆ ಓಡಿದ ಎಂಜಿನ್ನಿನ ಪಿಸ್ಟನ್ ಕರಗಿ ತೂತಾಗುತ್ತದೆ. ಕೊಳವೆ ಹೊಸದು ಹಾಕಿದಾಗ ಸ್ಪ್ರಿಂಗು, ಗ್ಯಾಸ್ಕೆಟ್ಟುಗಳನ್ನೂ ಹೊಸದು ಹಾಕುವುದೇ ಸರಿ. ಅವುಗಳ ಬೆಲೆ ಕೊಳವೆಯ ಮುಂದೆ ಏನೂ ಅಲ್ಲ.

ಸದ್ದು ಹೆಚ್ಚಿರಲಿ ಎಂದೇ ಡಬ್ಬಿ ಬದಲಾಯಿಸುವ ಚಟವೂ ಇದೆ. ಇದನ್ನು ಯಾವ ಮುಲಾಜೂ ಇಲ್ಲದೆ ತಪ್ಪು ಎನ್ನಬೇಕು. ಅಮೆರಿಕದಲ್ಲಿ ಕಾರ್ಖಾನೆಯಿಂದ ಹೊರಬರುವ ಗಾಡಿ ಪೂರ್ತಿ ವೇಗದಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ ಮೀರಬಾರದೆಂಬ ಕಟ್ಟಳೆ 1970ರ ದಶಕದಿಂದ ಇದೆ. ಮಿನೆಸೋಟ ಒಂದರಲ್ಲೇ 22,000 ಮೈಲಿಗೂ ಮಿಕ್ಕಿ ಸ್ನೋಮೊಬೈಲ್ ಹಾದಿಗಳಿವೆ. ಅವುಗಳಲ್ಲಿ ಬಹುಪಾಲನ್ನು ನೋಡಿಕೊಳ್ಳುವುದು ಊರಿನ ಕ್ಲಬ್ಬುಗಳ ಸ್ವಯಂಸೇವಕರು. ಎಷ್ಟೋ ಹಾದಿ ರೈತರ ಹೊಲದ ಮೇಲೆ ಅವರ ಒಪ್ಪಿಗೆಯಿಂದಲೇ ಹಾಯುತ್ತದೆ. ಮಧ್ಯರಾತ್ರಿ ಅರಚುತ್ತ ಹೋದ ಒಂದು ಗಾಡಿಗೆ ರೈತ ಬೇಸತ್ತು ಬೇಲಿ ಹಾಕಿದರೆ, ಮರುದಿನ ಹಾದಿ ಇಲ್ಲವಾಗುವುದು ಎಲ್ಲರಿಗೂ.

ಮೋಜಿನ ಸವಾರಿಯ ಲೋಕದಿಂದ ಇನ್ನೂ ಉತ್ತರಕ್ಕೆ ಹೋದರೆ ಕೊಳವೆಯ ಬೆಲೆ ಬೇರೆಯಾಗುತ್ತದೆ. ಕೆನಡಾದ ನುನಾವುಟ್‌ನ 25 ಊರುಗಳ ನಡುವೆ ರಸ್ತೆಯೇ ಇಲ್ಲ. ಭಾರದ ಸಾಮಾನು ಬೇಸಿಗೆಯಲ್ಲಿ ಕಡಲು ಕರಗಿದಾಗ ಹಡಗಿನಲ್ಲಿ ಬರಬೇಕು, ಇಲ್ಲವೇ ವಿಮಾನದ ದುಬಾರಿ ಬಾಡಿಗೆ ತೆರಬೇಕು. ಸೀಲ್ ಬೇಟೆಗೆ ಹೆಪ್ಪುಗಟ್ಟಿದ ಕಡಲ ಮೇಲೆ ಬಹುದೂರ ಹೋಗುವ ಇನ್ಯುಯಿಟ್ ಬೇಟೆಗಾರ ಬಿಡಿಭಾಗಗಳನ್ನೂ ಸಾಧನಗಳನ್ನೂ ಜಾರುಬಂಡಿಯ ಮೇಲೆ ಕಟ್ಟಿಕೊಂಡೇ ಹೊರಡುತ್ತಾನೆ, ಕೆಟ್ಟರೆ ಮಂಜಿನ ಮೇಲೇ ಮಂಡಿಯೂರಿ ಸರಿಮಾಡುತ್ತಾನೆ. ಫಿನ್ಲೆಂಡಿನ ಸೆವೆಟ್ಟಿಯಾರ್ವಿಯಲ್ಲಿ ಹಿಮಸಾರಂಗ ಸಾಕುವ ಸ್ಕೋಲ್ಟ್ ಸಾಮಿ ಜನರ ನಡುವೆ 1960ರ ದಶಕದಲ್ಲಿ ಈ ಯಂತ್ರ ಬಂದಾಗ ಆದ ಪಲ್ಲಟವನ್ನು ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ 1973ರ ಪುಸ್ತಕವೊಂದರಲ್ಲಿ ದಾಖಲಿಸಿದ್ದಾರೆ. ಸಾರಂಗ ಎಳೆಯುತ್ತಿದ್ದ ಬಂಡಿಗೆ ಹೊರಗಿನಿಂದ ಏನೂ ಬೇಕಿರಲಿಲ್ಲ. ಯಂತ್ರಕ್ಕೆ ಪೆಟ್ರೋಲ್ ಬೇಕು, ಭಾಗಗಳು ಬೇಕು, ಎರಡಕ್ಕೂ ನಗದು ಬೇಕು. ಅದಿಲ್ಲದವರು ಹಿಂದುಳಿದರು. ಅಂಥ ಕಡೆ ಸೀಳಿದ ಕೊಳವೆಯನ್ನು ಬೆಸೆಯಬಲ್ಲ ಒಬ್ಬ ಊರಿನಲ್ಲಿದ್ದಾನೆ ಎಂದರೆ ಆ ಊರಿನ ಬದುಕು ಅಷ್ಟರಮಟ್ಟಿಗೆ ತನ್ನ ಕೈಯಲ್ಲೇ ಇದೆ ಎಂದರ್ಥ.

ಅಲಾಸ್ಕದ ಐರನ್ ಡಾಗ್ ರೇಸು 1984ರಿಂದ ನಡೆದುಬಂದಿದೆ. 2,000 ಮೈಲಿಗೂ ಉದ್ದದ ಹಾದಿ, ಒಂದು ತಂಡಕ್ಕೆ ಇಬ್ಬರು, ಇಬ್ಬರಿಗೂ ಒಂದೊಂದು ಗಾಡಿ. ಅಲ್ಲಿ ಗೆಲ್ಲುವವರು ವೇಗದ ಸವಾರರಷ್ಟೇ ಆಗಿದ್ದರೆ ಸಾಲದು, ಕೈಗವಸು ತೆಗೆದು ಚಳಿಯಲ್ಲಿ ಬಿಚ್ಚಿ ಜೋಡಿಸಬಲ್ಲವರೂ ಆಗಿರಬೇಕು. ನಮ್ಮ ಸೇನೆಯ ಸೈನಿಕರು ಸಿಯಾಚಿನ್ ನೀರ್ಗಲ್ಲಿನ ಮೇಲೆ ಬಳಸುವ ಸ್ನೋ ಸ್ಕೂಟರ್‌ಗಳೂ ಇದೇ ವಂಶದವು, ಅಲ್ಲಿ ತೆಳುಗಾಳಿಯ ಕಾಟವೂ ಸೇರುತ್ತದೆ.

ಬೇಸಿಗೆಯ ಆರೈಕೆಯನ್ನು ಬಹಳ ಜನ ಮರೆಯುತ್ತಾರೆ. ಗಾಡಿಯನ್ನು ಶೆಡ್ಡಿಗೆ ಸೇರಿಸುವ ಮುಂಚೆ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ ಡಬ್ಬಿಯ ನೀರನ್ನು ಒಣಗಿಸಬೇಕು, ಎಂಜಿನ್ನಿಗೆ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಬೇಕು. ಕೊಳವೆಯ ಮೈಗೆ ಶಾಖ ತಡೆಯುವ ಬಣ್ಣದ ಹೊಸ ಪದರ ಬಳಿಯಲು ಅದೇ ಸಮಯ. ಹೊಗೆಯ ತುದಿಗೆ ಉಕ್ಕಿನ ನಾರು ತುರುಕುವುದು ಇಲಿಗಳಿಗಾಗಿ. ಬೆಚ್ಚನೆಯ ಕತ್ತಲ ಡಬ್ಬಿಯೊಳಗೆ ಅವು ಸೀಟಿನ ಸ್ಪಂಜು ತಂದು ಗೂಡು ಕಟ್ಟಿ, ಡಿಸೆಂಬರಿನಲ್ಲಿ ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿದ್ದು ಆ ಸೀಮೆಯ ಎಲ್ಲ ಗ್ಯಾರೇಜಿನವರಿಗೂ ಗೊತ್ತು. ನಾರನ್ನು ತೆಗೆದೆನೆಂದು ಖಾತ್ರಿಯಾಗಲು ಅದಕ್ಕೊಂದು ಕೆಂಪು ಪಟ್ಟಿ ಕಟ್ಟಿ ಹ್ಯಾಂಡಲಿನವರೆಗೆ ಎಳೆದಿಡುವವರಿದ್ದಾರೆ.

ಈಗ ಕೊಳವೆಯನ್ನು ಉಳಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಸೇರಿದೆ. 1968ರಿಂದ ಸ್ನೋಮೊಬೈಲ್ ಮಾರುತ್ತ ಬಂದ ಯಮಹಾ, 2025ರ ಮಾದರಿಯೇ ಕೊನೆಯದು ಎಂದು 2023ರಲ್ಲಿ ಸಾರಿತು. ಪೋಲಾರಿಸ್, ಸ್ಕೀ-ಡೂಗಳ ಇಂದಿನ ಟೂ-ಸ್ಟ್ರೋಕ್ ಯಂತ್ರಗಳು ಮೊದಲಿಗಿಂತ ಎಷ್ಟೋ ಕಡಿಮೆ ಹೊಗೆ ಬಿಡುತ್ತವೆ, ಆದರೆ ಕೊಳವೆ, ಸ್ಪ್ರಿಂಗು, ಬೆಸುಗೆಯ ಗೆರೆ ಅವುಗಳಲ್ಲೂ ಇವೆ. ಹಳೆಯ ಗಾಡಿಗಳಿಗೆ ಕಂಪನಿಯ ದಾಸ್ತಾನು ಮುಗಿದ ದಿನ ಹೊಸ ಕೊಳವೆ ಯಾವ ಬೆಲೆಗೂ ಸಿಗುವುದಿಲ್ಲ. ಹಾಗಾಗಿ ಇವತ್ತು ತುಕ್ಕು ಹಿಡಿದದ್ದನ್ನು ಗುಜರಿಗೆ ಹಾಕುವ ಮೊದಲು ಅದರ ಉದ್ದ, ಪ್ರತಿ ಶಂಕುವಿನ ಎರಡು ತುದಿಯ ಅಗಲ, ಕೊನೆಯ ಸಪೂರ ನಳಿಗೆಯ ಒಳಅಳತೆ ಇಷ್ಟನ್ನಾದರೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆ ಅಂಕೆಗಳಿದ್ದರೆ ತಗಡು ಕತ್ತರಿಸಿ, ಸುತ್ತಿ, ಬೆಸೆದು ಅದೇ ಕೊಳವೆಯನ್ನು ಮತ್ತೆ ಮಾಡಿಕೊಡಬಲ್ಲ ಕೈಗಳು ಇನ್ನೂ ಇವೆ.